ಶಕ್ತಿನಗರದಿಂದ ತಂದ ಇಟ್ಟಿಗೆ

ನನ್ನ ಗೆಳೆಯನೊಬ್ಬ ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ. ಡಿಪ್ಲೊಮಾ ಓದುವಾಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದವರು. 1994ರಲ್ಲಿ ಅಲ್ಲಿ ನಾಲ್ಕನೇ ಘಟಕ ಶುರುವಾದ ಹೊತ್ತಿಗೆ ಅವನು ಸೇರಿದ್ದು. ಅವತ್ತಿನಿಂದ ಪ್ರತಿ ವರ್ಷ ಬಾ ಅಂತ ಕರೆಯುತ್ತಿದ್ದ, ಪ್ರತಿ ವರ್ಷ ನಾನು ಮುಂದಕ್ಕೆ ಹಾಕುತ್ತಿದ್ದೆ. ಈ ಸಲ ಫೋನ್ ಮಾಡಿ, "ಮೇ ತಿಂಗಳಿಗೆ ರಿಟೈರ್ ಕಣೋ. ಕ್ವಾರ್ಟರ್ಸ್ ಖಾಲಿ ಮಾಡಿದ ಮೇಲೆ ಬಂದು ಏನು ನೋಡ್ತೀಯ?" ಅಂದ. ಆ ಮಾತು ಮನಸ್ಸಿಗೆ ತಟ್ಟಿತು. ಫೆಬ್ರುವರಿಯಲ್ಲಿ ಮೂರು ದಿನ ರಜೆ ಹಾಕಿದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಗಿನವರು ಹೋಗುವುದಾದರೆ ಫೆಬ್ರುವರಿ ಮುಗಿಯುವ ಮೊದಲೇ ಹೋಗಿ ಬರುವುದು ಒಳ್ಳೆಯದು.

ಮೊದಲ ದಿನ: ಒಗ್ಗರಣೆ, ಬಸ್ಸು, ನದಿ

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ನಸುಕಿಗೆ ರಾಯಚೂರು. ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಸಣ್ಣ ಚಳಿ ಇತ್ತು. ಬೆಳಕು ಹರಿಯುವವರೆಗೆ ಅಲ್ಲೇ ಕೂತಿದ್ದು ಬಸ್ ಸ್ಟ್ಯಾಂಡ್ ಕಡೆ ನಡೆದೆ. ಅಲ್ಲಿ ಒಂದು ತಳ್ಳುಗಾಡಿಯ ಮುಂದೆ ಜನ ಗುಂಪಾಗಿ ನಿಂತಿದ್ದರು. ನೆನೆಸಿದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕಕ್ಕೆ ಬಿಸಿ ಮಿರ್ಚಿ. ಕಾಗದದ ತಟ್ಟೆ ಕೈ ಸುಡುವಷ್ಟು ಬಿಸಿ. ಈ ತಿಂಡಿಯನ್ನು ಬೆಳಿಗ್ಗೆ ಬೇಗ ತಿನ್ನಬೇಕು. ಹತ್ತು ಗಂಟೆ ಆದಮೇಲೆ ಮಂಡಾಳು ಮೆತ್ತಗಾಗಿಬಿಡುತ್ತದೆ.

"ಯಾವ ಕಡೆ ಹೊಂಟೀರಿ ಅಣ್ಣಾರ?" ಅಂತ ಗಾಡಿಯವರು ಕೇಳಿದರು.

"ಶಕ್ತಿನಗರಕ್ಕೆ."

"ನೌಕ್ರಿ ಮ್ಯಾಲೇನ್ರಿ?"

"ಇಲ್ಲ, ಸುಮ್ನೆ ನೋಡೋಕೆ."

ಅವರು ಜಾಲರಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಅಲ್ಲೇನೈತ್ರಿ ನೋಡಾಕ? ಇಷ್ಟು ದೂರ ಬಂದೀರಿ, ಮಂತ್ರಾಲಯಕ್ಕ ಹೋಗ್ರಿ. ರಾಯರ ದರ್ಶನ ಆಕ್ಕೈತಿ."

ರಾಯಚೂರಿನಲ್ಲಿ ಇಳಿಯುವ ಹೊರಊರಿನವರಲ್ಲಿ ಮಂತ್ರಾಲಯಕ್ಕೆ ಹೋಗುವವರು ಬಹಳ. ಕರೆಂಟ್ ಎಲ್ಲಿ ತಯಾರಾಗುತ್ತದೆ ಅಂತ ನೋಡಲು ಯಾರು ಬರುತ್ತಾರೆ? ಆದರೆ ನನ್ನ ಜೀವನದ ಅರ್ಧದಷ್ಟು ರಾತ್ರಿಗಳಿಗೆ ಈ ಊರಿನ ಪಕ್ಕದಿಂದಲೇ ಬೆಳಕು ಬಂದಿದೆ. ಬಂದು ನೋಡದೇ ಇದ್ದದ್ದು ನನಗೇ ತಪ್ಪು ಅನಿಸಿತ್ತು.

ಶಕ್ತಿನಗರ ಹೈದರಾಬಾದ್ ರಸ್ತೆಯಲ್ಲಿ, ರಾಯಚೂರಿನಿಂದ ಸುಮಾರು 20 ಕಿ.ಮೀ. ಬಸ್ಸುಗಳು ಮೇಲಿಂದ ಮೇಲೆ ಇವೆ. ಊರು ದಾಟಿದ ಕೂಡಲೇ ಎರಡೂ ಕಡೆ ಕಪ್ಪು ಎರೆ ಭೂಮಿ. ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ ನಿಂತಿತ್ತು. ಹತ್ತಿ ಗಿಡಗಳಲ್ಲಿ ಕೊನೇ ಬಿಡಿಸುವಿಕೆಯ ಹತ್ತಿ ಅಲ್ಲಲ್ಲಿ ಬಿಳಿ ಚುಕ್ಕೆಯ ಹಾಗೆ ಕಾಣುತ್ತಿತ್ತು. ಯರಮರಸ್ ಹತ್ತಿರ ಬಂದಾಗ ಬಲು ದೊಡ್ಡ ಚಿಮಣಿ ಎದ್ದು ನಿಂತಿತು. ನಾನು ತಲುಪಿಯೇ ಬಿಟ್ಟೆ ಅಂದುಕೊಂಡು ಬ್ಯಾಗ್ ಎತ್ತಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹುಡುಗ ಕೈ ಹಿಡಿದು ಕೂರಿಸಿದ. "ಇದು ವೈಟಿಪಿಎಸ್ ರೀ. ಆರ್‌ಟಿಪಿಎಸ್ ಇನ್ನೂ ಮುಂದೈತಿ, ಕೂಡ್ರಿ." ವೈಟಿಪಿಎಸ್ ಅಂದರೆ ಯರಮರಸ್‌ನ ಸ್ಥಾವರ, ಆರ್‌ಟಿಪಿಎಸ್ ಅಂದರೆ ನನ್ನ ಗೆಳೆಯನದು.

ಅವನ ತೊಡೆಯ ಮೇಲೆ ಬುತ್ತಿ ಡಬ್ಬಿ ಇತ್ತು. ಕಲ್ಲಿದ್ದಲು ಇಳಿಸುವ ಕಡೆ ಗುತ್ತಿಗೆ ಕೆಲಸ ಅಂತೆ. ಬಿ.ಎ. ಮಾಡಿದ್ದಾನೆ. ಮೂರು ಪಾಳಿ, ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. "ರಾತ್ರಿ ಪಾಳಿ ಮುಗಿಸಿ ಮನಿಗೆ ಹೋದ್ರ ಮಗಳು ಗುರುತು ಹಿಡಿಯಂಗಿಲ್ರಿ, ಮೊದ್ಲು ಮಾರಿ ತೊಳ್ಕೊಂಡ್ ಬಾ ಅಂತಾಳ" ಅಂದು ನಕ್ಕ. ಕಾಯಂ ಆಗುತ್ತದಾ ಅಂತ ಕೇಳಿದೆ. ಕಿಟಕಿ ಕಡೆ ನೋಡಿದ. ಉತ್ತರ ಹೇಳಲಿಲ್ಲ. ಅಷ್ಟರಲ್ಲಿ ರಸ್ತೆಗೆ ಹತ್ತಿರವಾಗಿ ಗೂಡ್ಸ್ ರೈಲೊಂದು ಬಂತು. ವ್ಯಾಗನ್ನುಗಳ ಮೇಲೆ ಕಲ್ಲಿದ್ದಲು ಗುಡ್ಡೆ ಗುಡ್ಡೆಯಾಗಿ ಕಾಣುತ್ತಿತ್ತು. "ಇವತ್ತು ನಮ್ಮ ಪಾಲಿಗೆ ಬಂದಿದ್ದು ನೋಡ್ರಿ" ಅಂದ.

ಗೆಳೆಯನ ಕ್ವಾರ್ಟರ್ಸ್ ಕಾಲೊನಿಯಲ್ಲಿ ಬೇವಿನ ಮರಗಳ ನೆರಳು ಚೆನ್ನಾಗಿದೆ. ಹೊರಗಿಗಿಂತ ತಂಪು. ನಾನು ಗೇಟಿನ ಬಳಿಯ ಒಂದು ಎಲೆಯನ್ನು ಬೆರಳಿನಿಂದ ಸವರಿದೆ. ಬೆರಳಿಗೆ ತೆಳುವಾಗಿ ಬೂದು ಬಣ್ಣ ಬಂತು, ವಿಭೂತಿ ಮುಟ್ಟಿದ ಹಾಗೆ. ಗೆಳೆಯನ ಹೆಂಡತಿ ಅದನ್ನು ನೋಡಿ, "ಒಳಗ ಬರ್ರಿ ಅಣ್ಣಾ, ಅದೇನು ಹೊಸಾದಲ್ಲ ನಮಗ. ಗಾಳಿ ಈ ಕಡೆ ತಿರುಗಿದ ದಿನ ಬಟ್ಟಿ ಒಳಗ ಒಣಾ ಹಾಕ್ತೀವಿ" ಅಂದರು. ಅವರು ಇದೇ ಕಡೆಯವರು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪುಂಡಿ ಪಲ್ಯದ ಹುಳಿ ಈಗಲೂ ನಾಲಿಗೆಯಲ್ಲಿದೆ. ನಾಲ್ಕು ರೊಟ್ಟಿ ತಿಂದೆ, ಐದನೆಯದನ್ನು ಬೇಡ ಅನ್ನಲು ಅವರು ಬಿಡಲಿಲ್ಲ.

ಸಂಜೆ ಸ್ಕೂಟರಿನಲ್ಲಿ ದೇವಸೂಗೂರಿಗೆ ಹೋದೆವು. ಸೂಗೂರೇಶ್ವರನಿಗೆ ಕೈ ಮುಗಿದು ಕೃಷ್ಣೆಯ ದಡಕ್ಕೆ ಇಳಿದೆವು. ನೀರು ಕಡಿಮೆಯಾಗಿ ನದಿಯೊಳಗಿನ ಬಂಡೆಗಳೆಲ್ಲ ಬೆನ್ನು ಎತ್ತಿದ್ದವು. ನಿಜಾಮರ ಕಾಲದ ಹಳೇ ಸೇತುವೆ ಆ ದಡಕ್ಕೆ ಚಾಚಿದೆ. ಆ ಕಡೆ ತೆಲಂಗಾಣ. ಈ ಕಡೆ ತಿರುಗಿದರೆ ಚಿಮಣಿಗಳ ಸಾಲು. ಸೂರ್ಯ ಅವುಗಳ ಹಿಂದೆ ಇಳಿಯುತ್ತಿದ್ದ. ಸುಂದರ ಅನ್ನಬಹುದಾ ಅಂತ ಒಂದು ಕ್ಷಣ ಹಿಂಜರಿದೆ. ಸುಂದರವಾಗೇ ಇತ್ತು.

ಮೆಟ್ಟಿಲ ಮೇಲೆ ಒಬ್ಬ ಮುದುಕರು ಕೂತಿದ್ದರು. ಗೆಳೆಯನಿಗೆ ಪರಿಚಯ, "ತಾತಾ" ಅಂತ ಮಾತಾಡಿಸಿದ. ಸ್ಥಾವರ ಕಟ್ಟುವಾಗ ಅವರ ಮನೆಯ ಹೊಲವೂ ಹೋಗಿತ್ತು. ಮನೆಯಲ್ಲಿ ಒಬ್ಬ ಮಗನಿಗೆ ನೌಕರಿ ಸಿಕ್ಕಿತು. ಆ ಮಗ ಮನೆ ಕಟ್ಟಿಸಿದ, ತನ್ನ ಮಕ್ಕಳನ್ನು ಓದಿಸಿದ. "ಮತ್ತ ಉಳಿದವ್ರು?" ಅಂದೆ. "ಉಳಿದ ಇಬ್ರು ಬ್ಯಾರೇರ ಹೊಲಕ್ಕ ಕೂಲಿಗೆ ಹೋದ್ರು. ಒಂದಾ ಮನಿಯಾಗ ಮೂರು ನಮೂನಿ ಬಾಳೇವು ಆತು ನೋಡಪ್ಪ." ಸಿಟ್ಟಿಲ್ಲದೆ ಹೇಳಿದರು. ಮತ್ತೆ ನದಿ ನೋಡುತ್ತಾ ಕೂತರು.

ಎರಡನೇ ದಿನ: ಒಳಗೆ ಎರಡು ಗಂಟೆ, ಹೊರಗೆ ಇಡೀ ದಿನ

ಒಳಗೆ ಹೋಗಬೇಕಾದರೆ ಮೊದಲೇ ಪತ್ರ ಕೊಟ್ಟು ಅನುಮತಿ ಪಡೆಯಬೇಕು. ಗುರುತಿನ ಚೀಟಿ ಬೇಕು, ಮೊಬೈಲ್ ಗೇಟಿನಲ್ಲೇ ಬಿಡಬೇಕು. ಕಾಲಿಗೆ ಬೂಟು ಇರಲಿ, ಚಪ್ಪಲಿ ಆಗುವುದಿಲ್ಲ. ಗೆಳೆಯ ಮೂರು ವಾರ ಮುಂಚೆಯೇ ಓಡಾಡಿ ನನಗೆ ಎರಡು ಗಂಟೆ ಕೊಡಿಸಿದ್ದ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಅವನ ಹಿಂದೆ ನಡೆದೆ.

ಮೊದಲು ತೋರಿಸಿದ್ದು ವ್ಯಾಗನ್ ಟಿಪ್ಲರ್. ಕಲ್ಲಿದ್ದಲು ತುಂಬಿದ ಇಡೀ ವ್ಯಾಗನ್ನನ್ನೇ ಕಬ್ಬಿಣದ ತೋಳು ಹಿಡಿದು ಮಗುಚಿ ಹಾಕುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಅರವತ್ತು ಟನ್ನಿನಷ್ಟು ಕಲ್ಲಿದ್ದಲು ಧಡಾರ್ ಅಂತ ಕೆಳಗೆ. ಕಪ್ಪು ಧೂಳು ಮೇಲೇಳುತ್ತದೆ, ಅದರ ಮೇಲೆ ನೀರು ಸಿಂಪಡಿಸುತ್ತಾರೆ. ಒಂದು ಗೂಡ್ಸ್ ರೈಲಿಗೆ 58 ಅಥವಾ 59 ವ್ಯಾಗನ್. ಸುಮಾರು 3,800 ಟನ್. ಇಲ್ಲಿನ ಎಂಟು ಘಟಕಗಳಲ್ಲಿ ಏಳು 210 ಮೆಗಾವ್ಯಾಟಿನವು, ಎಂಟನೆಯದು 250. ಒಟ್ಟು 1,720 ಮೆಗಾವ್ಯಾಟ್. ಎಲ್ಲವೂ ಪೂರ್ತಿ ಓಡಿದರೆ ಇಂಥ ಏಳು ರೈಲು ಒಂದೇ ದಿನಕ್ಕೆ ಮುಗಿದುಹೋಗುತ್ತವೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ಕಡೆಯಿಂದ, ಸಾವಿರ ಕಿ.ಮೀ. ದಾಟಿ ಒಡಿಶಾದಿಂದಲೂ ಬರಬೇಕು. ದೂರ ಹೆಚ್ಚಾದ ಹಾಗೆ ಸಾಗಣೆ ಖರ್ಚು ಏರುತ್ತದೆ, ಅದು ನಮ್ಮ ಬಿಲ್ಲಿಗೆ ಬಂದು ಸೇರುತ್ತದೆ.

ಗೆಳೆಯ ಬೆಲ್ಟಿನ ಪಕ್ಕ ಬಿದ್ದಿದ್ದ ಒಂದು ತುಂಡು ಎತ್ತಿ ನನ್ನ ಕೈಗಿಟ್ಟ. ಅಂಗೈ ತುಂಬುವಷ್ಟಿತ್ತು. "ತೂಕ ನೋಡು. ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಇದೇ ನಿನ್ನ ಒಂದು ಯೂನಿಟ್ ಕರೆಂಟ್."

ನಾನು ಅದನ್ನು ಹಿಡಿದೇ ಉಳಿದದ್ದನ್ನೆಲ್ಲ ನೋಡಿದೆ. ಗಿರಣಿಯಲ್ಲಿ ಕಲ್ಲಿದ್ದಲು ಪೌಡರಿನಷ್ಟು ನುಣ್ಣಗಾಗುತ್ತದೆ. ಬಿಸಿ ಗಾಳಿ ಅದನ್ನು ಬಾಯ್ಲರಿಗೆ ಊದುತ್ತದೆ. ಬಾಯ್ಲರಿನ ಸಣ್ಣ ಕಿಂಡಿಯಲ್ಲಿ ನೋಡಿದೆ, ಬಿಳಿ ಹಳದಿ ಬೆಂಕಿ ಬಿಟ್ಟು ಬೇರೇನೂ ಕಾಣಲಿಲ್ಲ. ಗೋಡೆಗಳ ತುಂಬ ಕೊಳವೆ, ಕೊಳವೆಯೊಳಗೆ ನೀರು. ಅದು 540 ಡಿಗ್ರಿ ಹತ್ತಿರದ ಆವಿಯಾಗಿ ಟರ್ಬೈನನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸುತ್ತದೆ. ಟರ್ಬೈನ್ ಹಾಲಿನಲ್ಲಿ ನೆಲವೇ ಸಣ್ಣಗೆ ನಡುಗುತ್ತದೆ. ಪಕ್ಕದಲ್ಲಿ ನಿಂತವರ ಜೊತೆಯೂ ಕಿವಿಗೆ ಬಾಯಿಟ್ಟು ಮಾತಾಡಬೇಕು. ಗೆಳೆಯ ತನ್ನ ಅಂಗೈಯನ್ನು ಟರ್ಬೈನಿನ ಕಟ್ಟೆಯ ಮೇಲೆ ಇಟ್ಟು ಕಣ್ಣು ಮುಚ್ಚಿದ. ನಡುಕದಲ್ಲಿ ಒಂಚೂರು ಫರಕು ಇದ್ದರೂ ಅವನಿಗೆ ಗೊತ್ತಾಗುತ್ತದಂತೆ. ಮೂವತ್ತು ವರ್ಷದ ಕೈ ಅದು.

ಇಷ್ಟೆಲ್ಲ ಉರಿಸಿದರೂ ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಪಾಲು ಮಾತ್ರ ಕರೆಂಟ್ ಆಗುವುದು. ಉಳಿದದ್ದು ಚಿಮಣಿಗೆ ಮತ್ತು ನೀರಿಗೆ. ಹಾಗಾಗಿಯೇ ನದಿ ಬೇಕು. ಇಂಥ ಹಳೇ ಸ್ಥಾವರಗಳು ಒಂದು ಯೂನಿಟ್‌ಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸಬಾರದು ಅಂತ 2015ರ ಡಿಸೆಂಬರಿನ ಕೇಂದ್ರದ ನಿಯಮ ಹೇಳುತ್ತದೆ. ಹಿಂದಿನ ಸಂಜೆ ನೋಡಿದ ಬಂಡೆಗಳು ನೆನಪಾದವು.

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಗೆಳೆಯ ಹಳೇ ಕಥೆ ತೆಗೆದ. ನಮ್ಮ ರಾಜ್ಯಕ್ಕೆ ಮೊದಲಿಂದ ನೀರೇ ದೀಪ. 1902ರ ಶಿವನಸಮುದ್ರ, ಆಮೇಲೆ ಜೋಗ, ಶರಾವತಿ. ಮಳೆ ಕೈ ಕೊಟ್ಟ ವರ್ಷ ಕತ್ತಲೆ. ನಾವು ಹುಡುಗರಾಗಿದ್ದಾಗ ಸೀಮೆಎಣ್ಣೆ ಬುಡ್ಡಿಯ ಮುಂದೆ ಪರೀಕ್ಷೆಗೆ ಓದಿದ್ದು ಇಬ್ಬರಿಗೂ ನೆನಪಿದೆ. 1985ರ ಮಾರ್ಚಿನಲ್ಲಿ ಇಲ್ಲಿನ ಮೊದಲ ಘಟಕ ಶುರುವಾಯಿತು. ರಾಜ್ಯಕ್ಕೆ ಅದೇ ಮೊದಲ ಕಲ್ಲಿದ್ದಲು ಸ್ಥಾವರ. ಮಳೆಯನ್ನು ಕಾಯದೆ ಬರುವ ಕರೆಂಟ್ ಸಿಕ್ಕಿದ್ದು ಆಗ. ಆಮೇಲೆ ಬಂದ ಕಾರ್ಖಾನೆ, ಪಂಪ್‌ಸೆಟ್, ಆಸ್ಪತ್ರೆ, ಬೆಂಗಳೂರಿನ ಕಂಪ್ಯೂಟರುಗಳು, ಎಲ್ಲದರ ಹಿಂದೆ ಈ ಬೆಂಕಿಯ ಪಾಲಿದೆ. ಇದನ್ನು ಮರೆತು ಬರೀ ಹೊಗೆಯ ಬಗ್ಗೆ ಮಾತಾಡಿದರೆ ಗೆಳೆಯನಂಥವರಿಗೆ ಅನ್ಯಾಯ ಮಾಡಿದ ಹಾಗೆ.

ಹೊಗೆ ಮತ್ತು ಬೂದಿಯ ವಿಷಯವನ್ನು ಅವನೇ ತೆಗೆದ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ನೂರು ಕೆಜಿ ಸುಟ್ಟರೆ ಮೂವತ್ತರಿಂದ ನಲವತ್ತು ಕೆಜಿ ಉಳಿಯುತ್ತದೆ. ಅದರಲ್ಲಿ ಐದನೇ ಒಂದು ಪಾಲು ಬಾಯ್ಲರಿನ ತಳಕ್ಕೆ ಬೀಳುತ್ತದೆ. ಮಿಕ್ಕದ್ದು ಹಾರುಬೂದಿ, ಹೊಗೆಯ ಜೊತೆ ಹೊರಡುತ್ತದೆ. ಚಿಮಣಿಗೆ ಮುಂಚೆ ಮನೆಗಳಷ್ಟು ದೊಡ್ಡ ಪೆಟ್ಟಿಗೆಗಳಿವೆ, ಇಎಸ್‌ಪಿ ಅನ್ನುತ್ತಾರೆ. ಒಳಗಿನ ತಂತಿಗಳಿಗೆ ಹೈ ವೋಲ್ಟೇಜ್ ಕೊಟ್ಟಿರುತ್ತಾರೆ. ಅದರಿಂದ ಬೂದಿ ಕಣಗಳು ಪಕ್ಕದ ತಗಡುಗಳಿಗೆ ಅಂಟಿಕೊಳ್ಳುತ್ತವೆ. ಚೆನ್ನಾಗಿ ಕೆಲಸ ಮಾಡಿದರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ದಿನಕ್ಕೆ ಸಾವಿರಾರು ಟನ್ ಬೂದಿ ಹುಟ್ಟುವ ಜಾಗದಲ್ಲಿ ನೂರಕ್ಕೆ ಒಂದು ಪಾಲು ಅಂದರೂ ಸಣ್ಣದಲ್ಲ ಅಲ್ವಾ? ತಪ್ಪಿಸಿಕೊಳ್ಳುವುದು ತೀರಾ ಸಣ್ಣ ಕಣಗಳೇ. ಶ್ವಾಸಕೋಶದ ಆಳಕ್ಕೆ ಇಳಿದು ಹೃದಯಕ್ಕೂ ತೊಂದರೆ ಕೊಡುವುದು ಅವೇ.

ಬೂದಿ ಬಿಟ್ಟರೆ ಗಂಧಕದ ಹೊಗೆ. ಅದನ್ನು ತೊಳೆದು ಬಿಡುವ ಎಫ್‌ಜಿಡಿ ಯಂತ್ರ ಹಾಕಬೇಕು ಅನ್ನುವ ಲೆಕ್ಕದಲ್ಲೇ 2015ರ ನಿಯಮ ಬಂದಿದ್ದು. ಗಡುವು ಮುಂದೆ ಹೋಗುತ್ತಲೇ ಇತ್ತು. 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಇದರಿಂದ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಚಿಮಣಿ ಎತ್ತರ, ಯಂತ್ರ ದುಬಾರಿ ಅನ್ನುವುದು ವಾದ. ದುಬಾರಿ ಅನ್ನುವುದು ನಿಜವೇ. ಆದರೂ ಆ ಖರ್ಚು ಉಳಿದಾಗ ಅದರ ಬದಲಿಗೆ ಉಸಿರಾಡುವವರು ಯಾರು ಅನ್ನುವುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಮಧ್ಯಾಹ್ನ ಗೆಳೆಯ ಡ್ಯೂಟಿಗೆ ಹೋದ. ನಾನು ಅವನ ಸ್ಕೂಟರ್ ತೆಗೆದುಕೊಂಡು ಬೂದಿ ಹೊಂಡದ ಕಡೆ ಹೊರಟೆ. ಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಅಲ್ಲಿಗೆ ಕಳಿಸುತ್ತಾರೆ. ದೂರದಿಂದ ನೋಡಿದರೆ ಕೆರೆ ಬತ್ತಿದ ಹಾಗೆ ಕಾಣುತ್ತದೆ. ಒದ್ದೆ ಇರುವ ಕಡೆ ಕಡು ಬೂದು, ಒಣಗಿದ ಕಡೆ ಬಿಳಿ. ಒಣಗಿದ ಕಡೆಯಿಂದ ಗಾಳಿ ಬಂದಾಗಲೆಲ್ಲ ತೆಳು ಪರದೆಯೊಂದು ಎದ್ದು ಹೊಲಗಳ ಕಡೆ ಹೋಗುತ್ತಿತ್ತು.

ವಾಪಸ್ ಬರುವಾಗ ಒಂದು ಲಾರಿಯ ಹಿಂದೆ ಸಿಕ್ಕಿಬಿದ್ದೆ. ಅದರ ತಾಡಪಾಲಿನ ಒಂದು ಮೂಲೆ ಬಿಚ್ಚಿಕೊಂಡಿತ್ತು. ಹಳ್ಳಕ್ಕೆ ಇಳಿದು ಹತ್ತಿದಾಗ ಒಂದು ಬೊಗಸೆಯಷ್ಟು ಬೂದಿ ಹಾರಿ ನನ್ನ ಮುಖಕ್ಕೇ ಬಂತು. ಕಣ್ಣು ಉರಿದು ಮುಂದಿನ ರಸ್ತೆ ಕಾಣಲಿಲ್ಲ. ಸ್ಕೂಟರನ್ನು ಪಕ್ಕದ ಮಣ್ಣಿಗೆ ಇಳಿಸಿ ಹೇಗೋ ನಿಲ್ಲಿಸಿದೆ. ಕನ್ನಡಕ ಬ್ಯಾಗಿನಲ್ಲಿತ್ತು, ಮುಖಕ್ಕೆ ಟವೆಲ್ ಕಟ್ಟಿರಲಿಲ್ಲ. ಈ ರಸ್ತೆಗಳಲ್ಲಿ ಎರಡೂ ಬೇಕು, ಬೆಳಿಗ್ಗೆ ಹೊರಡುವಾಗಲೇ ಕಟ್ಟಿಕೊಳ್ಳಿ.

"ಉಜ್ಜಬ್ಯಾಡ್ರಿ, ಉಜ್ಜಬ್ಯಾಡ್ರಿ!" ಅಂತ ಒಬ್ಬ ಹೆಣ್ಣುಮಗಳ ದನಿ. ಪಕ್ಕದ ಚಹಾ ಅಂಗಡಿಯವರು. ಕೈ ಹಿಡಿದು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ತಂಬಿಗೆಯಿಂದ ನೀರು ಸಣ್ಣಗೆ ಬಿಡುತ್ತಾ, "ಕಣ್ಣು ತೆರೀರಿ, ಬಾಯಿ ಮುಚ್ಚರಿ" ಅಂದರು. ಎರಡು ತಂಬಿಗೆ ನೀರಿನ ಮೇಲೆ ಉರಿ ತಗ್ಗಿತು. ಸೆರಗಿನಿಂದ ಮುಖ ಒರೆಸಲು ಬಂದು, ನಾನು ಪರಊರಿನವನು ಅಂತ ಗೊತ್ತಾಗಿ ನಾಚಿಕೊಂಡು ಒಂದು ಟವೆಲ್ ಕೊಟ್ಟರು. ಅಷ್ಟು ಅಕ್ಕರೆ ನಾನು ಎಣಿಸಿರಲಿಲ್ಲ.

ಚಹಾ ಕುಡಿಯುತ್ತಾ ಮಾತಿಗೆ ಕೂತೆ. ಅಂಗಡಿ ಹಾಕಿ ಹನ್ನೆರಡು ವರ್ಷ ಆಯಿತಂತೆ. ಗಿರಾಕಿಗಳೆಲ್ಲ ಲಾರಿಯವರು, ಪಾಳಿ ಬದಲಾಗುವಾಗ ಬರುವ ಕೂಲಿಯವರು.

"ಅಕ್ಕಾ, ಈ ಬೂದಿಯಿಂದ ತೊಂದ್ರೆ ಆಗಲ್ವಾ?"

"ಆಗಲಾರದ ಏನ್ರಿ. ಹಾಲಿನ ಮ್ಯಾಲ ಮುಚ್ಚಳ ಎತ್ತಂಗಿಲ್ಲ. ಅನ್ನ ಉಣ್ಣಾಗ ಹಲ್ಲಾಗ ಕರಕ್ ಅಂತೈತಿ." ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದರು: "ಹೋದ ವರ್ಷ ಮಳಿಗಾಲದಾಗ ಮಷೀನ್ ಭಾಳ ಬಂದ್ ಇದ್ದುವು. ಬೂದಿ ಇರ್ಲಿಲ್ರಿ, ಆರಾಮಿತ್ತು. ಚಹಾ ಕುಡಿಯವ್ರೂ ಇರ್ಲಿಲ್ಲ. ಮಗನ ಫೀ ತುಂಬಾಕ ಬಂಗಾರ ಅಡ ಇಟ್ಟೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೊಂದು ಚಹಾ ಕೇಳಿದೆ.

ಮಳೆಗಾಲದಲ್ಲಿ ಹೀಗಾಗುವುದಕ್ಕೆ ಕಾರಣ ಇದೆ. ಆಗ ಶರಾವತಿ ತುಂಬುತ್ತದೆ, ಗಾಳಿ ಜೋರಿರುತ್ತದೆ. ಈಗ ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಕೂಡ ಇದೆ. ಅಗ್ಗದ ಕರೆಂಟ್ ಸಿಗುವಾಗ ಕಲ್ಲಿದ್ದಲು ಸುಡುವ ಅಗತ್ಯವಿಲ್ಲ. ಭೂಮಿಗೆ ಅದು ಒಳ್ಳೆಯದು, ನನಗೆ ಅನುಮಾನವಿಲ್ಲ. ಆದರೆ ಆ ಒಳ್ಳೆಯ ಸುದ್ದಿ ಈ ಬೆಂಚಿನವರೆಗೆ ಬರುವಾಗ ಅಡವಿಟ್ಟ ಬಂಗಾರವಾಗಿ ಬರುತ್ತದೆ. ಕಲ್ಲಿದ್ದಲನ್ನು ಕಡಿಮೆ ಮಾಡುವ ಯೋಜನೆ ಮಾಡುವವರು ಗುತ್ತಿಗೆಯ ಹುಡುಗನನ್ನೂ ಈ ಅಕ್ಕನನ್ನೂ ಲೆಕ್ಕದೊಳಗೆ ಸೇರಿಸಬೇಕು. ಚಿಮಣಿಯ ಪಕ್ಕ ಬೂದಿ ತಿಂದು ಬಾಳಿದವರಿಗೇ ಮೊದಲು ಬೇರೆ ದಾರಿ ಸಿಗಬೇಕು.

ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಹಾರುಬೂದಿ ಇಟ್ಟಿಗೆ ಮಾಡುವ ಶೆಡ್ ಇತ್ತು. ಒಳಗೆ ಹೋಗಿ ನೋಡಬಹುದಾ ಅಂದೆ, ಮಾಲೀಕರು ಖುಷಿಯಿಂದ ಕರೆದರು. ಬೂದಿ, ಕಲ್ಲಿನ ಪುಡಿ, ಸ್ವಲ್ಪ ಸಿಮೆಂಟು ಕಲಸಿ ಯಂತ್ರದಲ್ಲಿ ಒತ್ತುತ್ತಾರೆ. ಸುಡುವ ಕೆಲಸ ಇಲ್ಲ, ನೀರು ಹೊಡೆದು ಗಟ್ಟಿ ಮಾಡುತ್ತಾರೆ. ಭಟ್ಟಿಯ ಸೌದೆ ಉಳಿಯಿತು, ಹೊಲದ ಮೇಲ್ಮಣ್ಣೂ ಉಳಿಯಿತು. ಸಿಮೆಂಟ್ ಕಾರ್ಖಾನೆಗಳೂ ಹಾರುಬೂದಿ ಒಯ್ಯುತ್ತವೆ. ಹುಟ್ಟಿದ ಬೂದಿಯನ್ನೆಲ್ಲ ಹೀಗೆ ಬಳಸಲೇಬೇಕು ಅಂತ 2021ರ ಕೊನೆಯಲ್ಲಿ ಕೇಂದ್ರ ಹೊಸ ಅಧಿಸೂಚನೆ ಹೊರಡಿಸಿದೆ. ಒಳ್ಳೆಯ ನಿಯಮ. ಹೊಂಡಗಳಲ್ಲಿ ವರ್ಷಗಳಿಂದ ಕೂತಿರುವ ಹಳೇ ಬೂದಿ ಖಾಲಿಯಾಗಲು ಮಾತ್ರ ಎಷ್ಟು ಇಟ್ಟಿಗೆ ಬೇಕೋ. ಹೊರಡುವಾಗ ಮಾಲೀಕರು ಒಂದು ಇಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಬೇಡ ಅಂದರು. "ಬೆಂಗ್ಳೂರಾಗ ತೋರಸ್ರಿ, ಆರ್ಡರ್ ಬಂದ್ರ ನಮಗ ಫೋನ್ ಹಚ್ಚರಿ."

ಮೂರನೇ ದಿನ: ಹತ್ತಿ ಹೊಲ, ಕೋಟೆಯ ಕಲ್ಲು

ಬೆಳಿಗ್ಗೆ ಅತ್ತಿಗೆ ಬುತ್ತಿ ಕಟ್ಟಿಕೊಟ್ಟರು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಗೆಳೆಯ ರಾಯಚೂರಿನವರೆಗೆ ಸ್ಕೂಟರಿನಲ್ಲೇ ಬಿಡುತ್ತೇನೆ ಅಂದ. ದಾರಿಯಲ್ಲಿ ಒಂದು ಹೊಲದ ಬದುವಿನಲ್ಲಿ ನಿಂತೆವು. ಗಂಡ, ಹೆಂಡತಿ, ಇಬ್ಬರು ಕೂಲಿಯವರು ಹತ್ತಿ ಬಿಡಿಸುತ್ತಿದ್ದರು. ಹೊಲದ ಮೇಲೆ ಮೂರು ಸಾಲು ಹೈ ಟೆನ್ಷನ್ ತಂತಿ. ಸುಮ್ಮನೆ ನಿಂತರೆ ಜುಂಯ್ ಅನ್ನುವ ಸದ್ದು ಕೇಳಿಸುತ್ತದೆ.

ರೈತರು ಎರಡು ಕೈಯಲ್ಲಿ ಎರಡು ಹಿಡಿ ಹತ್ತಿ ಹಿಡಿದು ತೋರಿಸಿದರು. ಒಂದು ಬೆಳ್ಳಗಿತ್ತು, ಇನ್ನೊಂದು ಸ್ವಲ್ಪ ಮಂಕು. "ಇದು ಆ ಕಡೀ ಮಗ್ಗಲಿಂದು. ಬೂದಿ ಕುಂತೈತಿ. ಅಡತಿಯವ್ರು ಕೈಯಾಗ ಹಿಡಿದ್ರ ಸಾಕು, ರೇಟ್ ಇಳಿಸ್ತಾರ."

"ಪಂಪಿಗೆ ಕರೆಂಟ್ ಸರಿಯಾಗಿ ಬರುತ್ತಾ?"

ಅವರು ತಲೆ ಎತ್ತಿ ತಂತಿ ನೋಡಿದರು. "ಎಲ್ಲಾರಿಗೂ ಬರೋ ಹಂಗಾ ಏಳು ತಾಸು. ನಮ್ಮ ತೆಲಿ ಮ್ಯಾಲ ಹೊಂಟೈತಿ ಅಂತ ನಮಗೇನು ಜಾಸ್ತಿ ಕೊಡ್ತಾರೇನ್ರಿ?"

ಗೆಳೆಯ ಮಾತಾಡಲಿಲ್ಲ. ಮತ್ತೆ ಸ್ಕೂಟರ್ ಹತ್ತಿದ ಮೇಲೆ, "ಮೂವತ್ತು ವರ್ಷ ಲೋಡು ಎಷ್ಟು ಹೋಯ್ತು ಅಂತ ಬರೆದಿದೀನಿ. ಎಲ್ಲಿಗೆ ಹೋಯ್ತು ಅಂತ ಒಂದು ದಿನಾನೂ ಕೇಳ್ಕೊಂಡಿಲ್ಲ" ಅಂದ.

ಯರಮರಸ್ ಸ್ಥಾವರವನ್ನು ರಸ್ತೆಯಿಂದಲೇ ನೋಡಿದೆವು. 800 ಮೆಗಾವ್ಯಾಟಿನ ಎರಡು ಘಟಕ. ಸೂಪರ್ ಕ್ರಿಟಿಕಲ್ ತಂತ್ರಜ್ಞಾನ, ಅಂದರೆ ಒತ್ತಡ ಮತ್ತು ಶಾಖ ಇನ್ನೂ ಜಾಸ್ತಿ, ಹಾಗಾಗಿ ಅಷ್ಟೇ ಕರೆಂಟಿಗೆ ಕಲ್ಲಿದ್ದಲು ಸ್ವಲ್ಪ ಕಡಿಮೆ ಸಾಕು. ಚಿಮಣಿಯ ಎತ್ತರಕ್ಕೂ ಲೆಕ್ಕವಿದೆ. 210 ಮೆಗಾವ್ಯಾಟಿನಿಂದ 500ರ ಒಳಗಿನ ಘಟಕಕ್ಕೆ 220 ಮೀಟರ್, 500 ಮತ್ತು ಅದಕ್ಕಿಂತ ದೊಡ್ಡದಕ್ಕೆ 275. ಎತ್ತರ ಹೆಚ್ಚಿದ ಹಾಗೆ ಹೊಗೆ ದೂರ ಹೋಗಿ ತೆಳುವಾಗುತ್ತದೆ. ಅದು ಇಲ್ಲದಂತಾಗುವುದಿಲ್ಲ, ಬೇರೆ ಯಾರದೋ ಊರಿನ ಮೇಲೆ ಇಳಿಯುತ್ತದೆ.

ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಬ್ಯಾಗ್ ಹೊತ್ತು ರಾಯಚೂರಿನ ಕೋಟೆಗೆ ಹೋದೆ. ಬೆಳಿಗ್ಗೆ ಬೇಗ ಅಥವಾ ನಾಲ್ಕು ಗಂಟೆಯ ಮೇಲೆ ಹೋದರೆ ಕಾಲು ಸುಡುವುದಿಲ್ಲ. ಕೋಟೆ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಗೆ ಹಾಕಿ ಕೋಣಗಳು ಎಳೆದು ತರುವ ಚಿತ್ರವನ್ನೂ ಪಕ್ಕದಲ್ಲೇ ಕೊರೆದಿದ್ದಾರೆ. ಕಟ್ಟಿಸಿದವರ ಹೆಸರಿನ ಹತ್ತಿರವೇ ಎಳೆದ ಕೋಣಗಳಿಗೂ ಜಾಗ ಕೊಟ್ಟಿದ್ದಾರಲ್ಲ ಅಂತ ಬಹಳ ಹೊತ್ತು ಅಲ್ಲೇ ನಿಂತೆ.

ಮನೆಗೆ ಬಂದ ಮೇಲೆ

ಇಟ್ಟಿಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ಹತ್ತಿರ ಹತ್ತಿರ ಮೂರು ಕೆಜಿ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೂದಿ ಅಂತ ಮಾಲೀಕರು ಹೇಳಿದ್ದರು. ಆ ತಿಂಗಳ ನಮ್ಮ ಬಿಲ್ಲು 150 ಯೂನಿಟ್. ಗೃಹಜ್ಯೋತಿಯಿಂದ ದುಡ್ಡು ಕಟ್ಟುವ ಹಾಗಿಲ್ಲ, ಹಾಗಾಗಿ ಬಿಲ್ಲನ್ನು ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಅಷ್ಟೂ ಕರೆಂಟ್ ಕಲ್ಲಿದ್ದಲಿನಿಂದಲೇ ಬಂದಿದೆ ಅಂತಲ್ಲ, ನಮ್ಮ ರಾಜ್ಯದಲ್ಲಿ ಬಿಸಿಲು, ಗಾಳಿ, ನೀರಿನ ಪಾಲು ದೊಡ್ಡದು. ಆದರೂ ಕಲ್ಲಿದ್ದಲಿನಿಂದಲೇ ಬಂದಿದ್ದರೆ ಎಷ್ಟು ಅಂತ ಬಿಲ್ಲಿನ ಹಿಂದೆ ಬರೆದೆ. ಕಲ್ಲಿದ್ದಲು ನೂರು ಕೆಜಿಯ ಹತ್ತಿರ. ಬೂದಿ 34 ಕೆಜಿಯ ಆಸುಪಾಸು. ಇಂಗಾಲದ ಡೈಆಕ್ಸೈಡ್ ಸುಮಾರು 145 ಕೆಜಿ. ಇಟ್ಟಿಗೆ ಲೆಕ್ಕದಲ್ಲಿ ತಿಂಗಳಿಗೆ ಹತ್ತೊಂಬತ್ತು. ವರ್ಷಕ್ಕೆ ನಮ್ಮ ಬಾಲ್ಕನಿಯ ಗೋಡೆ ಎದ್ದು ನಿಲ್ಲುತ್ತದೆ.

ಇಟ್ಟಿಗೆ ಈಗ ಮೀಟರ್ ಬೋರ್ಡಿನ ಕೆಳಗಿದೆ. ಮಗಳು ಅದರ ಮೇಲೆ ಮನಿ ಪ್ಲಾಂಟಿನ ಬಾಟಲಿ ಇಟ್ಟಿದ್ದಾಳೆ. ನಾಲ್ಕು ಬಿಲ್ಡರುಗಳಿಗೆ ತೋರಿಸಿದೆ. ಒಬ್ಬರು ಮಾತ್ರ ನಂಬರ್ ಬರೆದುಕೊಂಡರು.

ಜುಲೈನಲ್ಲಿ ಗೆಳೆಯ ಫೋನ್ ಮಾಡಿದ. ಕ್ವಾರ್ಟರ್ಸ್ ಬಿಟ್ಟು ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಮಳೆ ಚೆನ್ನಾಗಿದೆಯಂತೆ, ಗಾಳಿಯೂ ಜೋರಂತೆ. ಹೆಚ್ಚಿನ ಘಟಕ ನಿಂತಿವೆ. ಹಳೇ ಕಾಲೊನಿಗೆ ಹೋಗಿದ್ದನಂತೆ, ಬೇವಿನ ಎಲೆಗಳು ತೊಳೆದ ಹಾಗೆ ಹಸಿರಾಗಿದ್ದವಂತೆ.

"ಚಹಾ ಅಂಗಡಿ ಅಕ್ಕ ಹೇಗಿದ್ದಾರೆ?" ಅಂದೆ.

"ಆ ಕಡೆಯಿಂದಲೇ ಬಂದೆ. ಬಾಗಿಲು ಹಾಕಿತ್ತು" ಅಂದ.